ಮಂಡಿಯ ಪೆಟ್ಟು: ಕತ್ತಿಯೋ, ಕಟ್ಟೋ?

ಕಳೆದ ವರ್ಷ ನಮ್ಮ ಖೊ-ಖೊ ತಂಡದ ಗೆಳೆಯನೊಬ್ಬನು ಓಡುತ್ತಲೇ ಥಟ್ಟನೆ ತಿರುಗಿ, ಮಂಡಿ ಹೊರಳಿ ಬಿದ್ದನು. ಗಂಟೆ ಕಳೆಯುವುದರೊಳಗೆ ಮಂಡಿ ಊದಿತು. ಪಂದ್ಯ ಸಮೀಪಿಸಿದ್ದುದರಿಂದ ಎಣ್ಣೆ ತಿಕ್ಕಿ ಪಟ್ಟಿ ಕಟ್ಟಿಕೊಳ್ಳೆಂದು ಬುದ್ಧಿ ಹೇಳಿದವರು ನಾವೇ. ಎಂಟು ದಿನಗಳ ಮೇಲೆ ಕ್ಷ-ಕಿರಣದ ಚಿತ್ರ ನೋಡಿದ ವೈದ್ಯರು, "ಅಸ್ಥಿರಜ್ಜು ಹರಿದಿಲ್ಲ, ಅದು ಹಿಡಿದಿದ್ದ ಮೂಳೆಯ ಚೂರೇ ಕಿತ್ತು ಬಂದಿದೆ" ಎಂದರು. ಅಂದಿನಿಂದ ತರಗತಿಯಲ್ಲಿ ಎರಡು ಪಕ್ಷಗಳಾದವು. ಕತ್ತಿ ಸೋಕಿದ ಕಾಲು ಆಟಕ್ಕೆ ಬಾರದೆಂದು ಒಂದು ಪಕ್ಷ. ಶಸ್ತ್ರಕ್ರಿಯೆಯಿಲ್ಲದೆ ಗುಣವೇ ಇಲ್ಲವೆಂದು ಇನ್ನೊಂದು. ಎರಡೂ ತಪ್ಪೆಂಬುದು ನಮ್ಮ ಅಭಿಪ್ರಾಯ.

ಅಸ್ಥಿರಜ್ಜುವೆಂದರೆ ಮೂಳೆಗೆ ಮೂಳೆಯನ್ನು ಬಿಗಿಯುವ ಹುರಿ. ಮಂಡಿಯೊಳಗೆ ಇಂಥ ಎರಡು ಹುರಿಗಳು ಕತ್ತರಿಯಾಕಾರದಲ್ಲಿ ಹಾಯ್ದು, ತೊಡೆಯ ಮೂಳೆಯನ್ನೂ ಅದರ ಕೆಳಗಣ ಮೂಳೆಯನ್ನೂ ಹಿಡಿದಿವೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಹುರಿಯೇ ಹರಿಯುತ್ತದೆ. ಬೆಳೆಯುವ ವಯಸ್ಸಿನವರಲ್ಲಾದರೋ ಮೂಳೆಯ ತುದಿ ಇನ್ನೂ ಪೂರ್ಣ ಗಟ್ಟಿಯಾಗಿರುವುದಿಲ್ಲ. ದನ ಜಗ್ಗಿದಾಗ ಹಗ್ಗ ಉಳಿದು ಗೂಟ ಕಿತ್ತುಬರುವಂತೆ, ಇಲ್ಲಿ ಚೂರು ಕಿತ್ತುಬರುವುದುಂಟು.

1959ರಲ್ಲಿ ಮೇಯರ್ಸ್ ಮತ್ತು ಮೆಕೀವರ್ ಎಂಬ ವೈದ್ಯರು ಈ ಗಾಯವನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಚೂರು ಬಹುಮಟ್ಟಿಗೆ ಸ್ವಸ್ಥಾನದಲ್ಲಿಯೇ ಇರುತ್ತದೆ; ಕಾಲನ್ನು ನೀಡಿ 4ರಿಂದ 6 ವಾರಗಳವರೆಗೆ ಪ್ಲಾಸ್ಟರಿನಲ್ಲಿಟ್ಟರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಮೂರನೆಯದರಲ್ಲಿ ಅದು ಪೂರ್ತಿ ಬೇರ್ಪಟ್ಟಿರುತ್ತದೆ; ಸಣ್ಣ ರಂಧ್ರಗಳ ಮೂಲಕ ದರ್ಶಕವನ್ನು ತೂರಿಸಿ, ತಿರುಪಿನಿಂದಲೋ ದಾರದಿಂದಲೋ ಬಿಗಿಯುವುದು ಇಂದಿನ ರೂಢಿ. ವಿವಾದವೆಲ್ಲ ಎರಡನೆಯದರಲ್ಲಿ. ಅಲ್ಲಿ ಚೂರಿನ ಮುಂಭಾಗವು ಹಕ್ಕಿಯ ಕೊಕ್ಕಿನಂತೆ ಮೇಲೆದ್ದಿರುತ್ತದೆ. ಕಾಲನ್ನು ನೀಡಿಸಿ, ಚೂರು ಕುಳಿತರೆ ಪ್ಲಾಸ್ಟರು. ಮಂಡಿಯೊಳಗಣ ಮೆತ್ತೆ ಅಡಿಗೆ ಸಿಕ್ಕಿ ಕುಳಿತುಕೊಳ್ಳದಿದ್ದರೆ ಶಸ್ತ್ರ.

ಎರಡು ಮಾರ್ಗಗಳಿಗೂ ಬೆಲೆಯುಂಟು. ಶಸ್ತ್ರಕ್ರಿಯೆಯ ಬಳಿಕ ಮಂಡಿ ಬಿಗಿದುಕೊಳ್ಳಬಹುದು, ನಂಜೇರಬಹುದು. ಎತ್ತರಿಸಿದ ಚೂರನ್ನು ಹಾಗೆಯೇ ಬಿಟ್ಟರೆ ಅದು ತಪ್ಪು ಸ್ಥಾನದಲ್ಲಿ ಕೂಡಿ, ಕಾಲು ಪೂರ್ತಿ ನೀಳವಾಗದೆ ಹೋಗಬಹುದು, ಹುರಿ ಸಡಿಲವಾಗಬಹುದು.

2010ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಪರೀಕ್ಷೆಯೊಂದನ್ನು ಕೆಲವರು ಎತ್ತಿ ಹೇಳುವುದುಂಟು. ಮುಂದಣ ಹುರಿ ಹರಿದ 121 ಮಂದಿ ತರುಣರಲ್ಲಿ 59 ಮಂದಿಗೆ ಮೊದಲು ವ್ಯಾಯಾಮವನ್ನಷ್ಟೇ ಕೊಡಲಾಯಿತು. ಎರಡು ವರ್ಷಗಳಲ್ಲಿ ಅವರ ಪೈಕಿ 23 ಮಂದಿಗೆ ಮಾತ್ರ ಶಸ್ತ್ರಕ್ರಿಯೆ ಬೇಕಾಯಿತು. ಒಟ್ಟು ಫಲದಲ್ಲಿ ಎರಡು ಗುಂಪುಗಳಿಗೂ ಗಣನೀಯ ಅಂತರವಿರಲಿಲ್ಲ. ಇದು ಮನನೀಯವೇ ಸರಿ. ಆದರೆ ಅದು ಹುರಿ ಹರಿದವರ ಮಾತು, ಗೂಟ ಕಿತ್ತವರದಲ್ಲ. ಒಂದರ ನ್ಯಾಯವನ್ನು ಇನ್ನೊಂದಕ್ಕೆ ಹಚ್ಚುವುದು ವಿವೇಕವಲ್ಲ.

ಆದುದರಿಂದ ಕೇಳತಕ್ಕ ಪ್ರಶ್ನೆ 'ಕತ್ತಿಯೋ, ಕಟ್ಟೋ' ಎಂಬುದಲ್ಲ, 'ಚೂರು ಎಲ್ಲಿದೆ?' ಎಂಬುದು. ಅದಕ್ಕೆ ಉತ್ತರ ಕೊಡುವುದು ಚಿತ್ರವೇ ಹೊರತು ನಮ್ಮ ಧೈರ್ಯವೂ ಅಲ್ಲ, ಭಯವೂ ಅಲ್ಲ.

ನಮ್ಮ ಗೆಳೆಯನದು ಎರಡನೆಯ ಬಗೆ. ಚೂರು ಕುಳಿತುಕೊಳ್ಳಲಿಲ್ಲ, ಶಸ್ತ್ರಕ್ರಿಯೆಯಾಯಿತು. ಮೊದಲ ದಿನವೇ ಹೋಗಿದ್ದರೆ ಕಟ್ಟಿನಲ್ಲಿಯೇ ಮುಗಿಯುತ್ತಿತ್ತೋ ಏನೋ, ಯಾರೂ ಹೇಳಲಾರರು. ಆ ಎಂಟು ದಿನಗಳನ್ನು ಕಳೆದವರು ಮಾತ್ರ ನಾವು. ತಿಂಗಳುಗಟ್ಟಲೆ ಬೇಸರಿಸದೆ ವ್ಯಾಯಾಮ ಮಾಡಿ ಅವನು ಈ ವರ್ಷ ಮತ್ತೆ ಮೈದಾನಕ್ಕೆ ಇಳಿದಿದ್ದಾನೆ. ಸಹಪಾಠಿಗಳೇ, ಊದಿದ ಮಂಡಿಯನ್ನು ಪಂದ್ಯಕ್ಕಾಗಿ ಮುಚ್ಚಿಡಬೇಡಿರಿ. ಪಂದ್ಯ ಮುಂದಿನ ವರ್ಷವೂ ಬರುತ್ತದೆ.