ತೆರಿಗೆಯುಂಟು, ಪ್ರತಿನಿಧಿಯಿಲ್ಲ

ಪ್ರಜೆಯ ಸಮ್ಮತಿಯಿಲ್ಲದೆ ಪ್ರಜೆಯ ಹಣವನ್ನು ಮುಟ್ಟುವ ಅಧಿಕಾರ ಯಾವ ಪ್ರಭುತ್ವಕ್ಕೂ ಇಲ್ಲವೆಂಬ ತತ್ತ್ವ ಯಾವುದೋ ಒಂದು ನಾಡಿನ ಸ್ವತ್ತಲ್ಲ. 1765ರಲ್ಲಿ ಬ್ರಿಟಿಷ್ ಸಂಸತ್ತು ಛಾಪಾ ತೆರಿಗೆಯನ್ನು ಹೇರಿದಾಗ, ತಾವು ಚುನಾಯಿಸದ ಸಭೆಗೆ ಅಂಥ ಹಕ್ಕಿಲ್ಲವೆಂದು ಅಮೆರಿಕದ ವಸಾಹತುಗಳು ವಾದಿಸಿದವು. ಇಡೀ ಸಾಮ್ರಾಜ್ಯವನ್ನು ಸಂಸತ್ತು ಪರೋಕ್ಷವಾಗಿ ಪ್ರತಿನಿಧಿಸುತ್ತದೆ ಎಂಬ ಲಂಡನ್ನಿನ ಸಮಾಧಾನವನ್ನು ಅವು ಒಪ್ಪಲಿಲ್ಲ. ಅದೇ ಕೊರತೆ ಮೈಸೂರು ಸಂಸ್ಥಾನದಲ್ಲೂ ಇತ್ತು. ಅಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಗೆ ಅಹವಾಲು ಸಲ್ಲಿಸುವ ಅವಕಾಶವಿತ್ತು, ನಿರ್ಧರಿಸುವ ಅಧಿಕಾರವಿರಲಿಲ್ಲ. ದಿವಾನರು ಉತ್ತರ ಹೇಳಬೇಕಿದ್ದುದು ಅರಮನೆಗೆ.

ಅಹವಾಲಿಗೂ ಅಧಿಕಾರಕ್ಕೂ ನಡುವಿನ ಈ ಅಂತರವನ್ನು ಅಳಿಸಬೇಕೆಂಬುದೇ ಜವಾಬ್ದಾರಿ ಸರ್ಕಾರದ ಬೇಡಿಕೆಯ ತಿರುಳು. ಆ ಬೇಡಿಕೆಯ ಕಾಲದಲ್ಲೇ, 1938ರ ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದ ರೈತಾಪಿ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು. 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಾಗ ಆ ಬಲಿದಾನಕ್ಕೆ ಅರ್ಥ ದೊರೆಯಿತು.

ಅಂಥ ನೆಲವಾದ ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಸ್ಥಿತಿ ಏನಾಗಿದೆಯೆಂಬುದನ್ನು ಜನರು ಬಲ್ಲರು. 2016ರಲ್ಲಿ ಚುನಾಯಿತರಾದ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಪೂರ್ಣಗೊಳ್ಳಬೇಕೆಂದು ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳಿದ್ದರೂ, ಕ್ಷೇತ್ರ ಪುನರ್ವಿಂಗಡಣೆ ಮತ್ತು ಮೀಸಲಾತಿಯ ನೆಪದಲ್ಲಿ ವರ್ಷಗಳೇ ಉರುಳಿದವು. ಬಿಜೆಪಿ ಸರ್ಕಾರ ಈ ಎರಡೂ ಕಾರ್ಯಗಳನ್ನು ರಾಜ್ಯ ಚುನಾವಣಾ ಆಯೋಗದಿಂದ ಕಸಿದು ವಿಳಂಬಕ್ಕೆ ದಾರಿ ತೆರೆಯಿತು. 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರ ಅದೇ ದಾರಿಯಲ್ಲಿ ನಡೆಯಿತು. ಪುನರ್ವಿಂಗಡಣೆಯ ಕಾರಣಕ್ಕೆ ಸ್ಥಳೀಯ ಚುನಾವಣೆ ಮುಂದೂಡಲಾಗದೆಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ, ಮಧ್ಯಪ್ರದೇಶದ ಪ್ರಕರಣದಲ್ಲಿ, ಹೇಳಿದ ಮೇಲೂ ಈ ನಡೆ ಬದಲಾಗಲಿಲ್ಲ.

ಇದರ ಪರಿಣಾಮ ಕಡತಗಳಲ್ಲಿ ಉಳಿಯುವಂಥದ್ದಲ್ಲ. ಶಾಲಾ ಕಟ್ಟಡ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಗ್ರಾಮೀಣ ಕುಡಿಯುವ ನೀರು ಇವೆಲ್ಲಕ್ಕೂ ಹಣ ಹರಿಯುವ ಸಭೆಯಲ್ಲಿ ಪ್ರಶ್ನೆ ಕೇಳುವವರೇ ಇಲ್ಲವಾದರು. ವಿದುರಾಶ್ವತ್ಥವಿರುವ ಚಿಕ್ಕಬಳ್ಳಾಪುರ, ಫ್ಲೋರೈಡ್ ಬೆರೆತ ಕೊಳವೆಬಾವಿ ನೀರನ್ನು ಕುಡಿದು ನಲುಗಿದ ಜಿಲ್ಲೆ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿತ ತ್ಯಾಜ್ಯನೀರು ಇಲ್ಲಿನ ಕೆರೆಗಳಿಗೆ ಹರಿಯುತ್ತಿರುವಾಗ, ಅದನ್ನು ಮೂರನೇ ಹಂತದವರೆಗೆ ಶುದ್ಧೀಕರಿಸಬೇಕೆಂದು ರೈತ ಸಂಘಟನೆಗಳು ಬೀದಿಯಲ್ಲಿ ಕೂಗಬೇಕಾಯಿತು. ಆ ಮಾತು ಮೊದಲು ಕೇಳಿಸಬೇಕಿದ್ದ ಜಿಲ್ಲಾ ಪಂಚಾಯಿತಿ ಸಭಾಂಗಣದಲ್ಲಿ ಆಡಳಿತಾಧಿಕಾರಿಯ ಕುರ್ಚಿ ಮಾತ್ರ ಇತ್ತು.

ಶಾಸಕರಿದ್ದಾರೆ, ಸಂಸದರಿದ್ದಾರೆ, ಅವರು ಸಾಲದೇ ಎಂಬ ವಾದವಿದೆ. ಅವರೂ ಜನರ ಮತದಿಂದಲೇ ಬಂದವರು ನಿಜ. ಆದರೆ ಸಂವಿಧಾನದ 73ನೇ ತಿದ್ದುಪಡಿ ಹಳ್ಳಿಗೆ ಪ್ರತ್ಯೇಕ ಪ್ರಾತಿನಿಧ್ಯ ಕೊಟ್ಟದ್ದು ವಿಧಾನಸೌಧದ ದೃಷ್ಟಿ ಚಿಂತಾಮಣಿಯ ಗಡಿಹಳ್ಳಿಗಾಗಲಿ, ಶಿಡ್ಲಘಟ್ಟದ ರೇಷ್ಮೆ ಬೆಳೆಗಾರನ ಮನೆಯಂಗಳಕ್ಕಾಗಲಿ ತಾನಾಗಿ ತಲುಪದೆಂಬ ಅರಿವಿನಿಂದ. ಒಬ್ಬರ ಮತದಿಂದ ಇನ್ನೊಬ್ಬರ ಸ್ಥಾನ ತುಂಬಿತೆನ್ನುವುದು ಲಂಡನ್ನಿನ ಹಳೆಯ ಸಮಾಧಾನದ ಮರುಕಳಿಕೆ. ದಲಿತರಿಗೂ ಹಿಂದುಳಿದವರಿಗೂ ಮಹಿಳೆಯರಿಗೂ ಮೀಸಲಾದ ಸ್ಥಾನಗಳು ಖಾಲಿಯಾಗಿಯೇ ಉಳಿದ ಮೇಲೆ, ಮೀಸಲಾತಿಯನ್ನು ಸರಿಪಡಿಸಲೆಂದೇ ವಿಳಂಬ ಎಂಬ ಸಮರ್ಥನೆ ನಿಲ್ಲದು.

ಅಧಿಕಾರ ವಿಕೇಂದ್ರೀಕರಣಕ್ಕೆ ದೇಶಕ್ಕೇ ಮಾದರಿಯೆನಿಸಿದ ರಾಜ್ಯ ಕರ್ನಾಟಕ. 1987ರ ಜಿಲ್ಲಾ ಪರಿಷತ್ತುಗಳು 73ನೇ ತಿದ್ದುಪಡಿಗಿಂತ ಮುಂಚಿನವು. ಅಂಥ ರಾಜ್ಯದಲ್ಲಿ ತೆರಿಗೆಯನ್ನು ದಿನ ತಪ್ಪದೆ ವಸೂಲು ಮಾಡುವ ಸರ್ಕಾರ, ಆ ಹಣದ ಲೆಕ್ಕ ಕೇಳುವ ಸದಸ್ಯರನ್ನು ಆರಿಸುವ ದಿನವನ್ನು ತನ್ನ ಅನುಕೂಲಕ್ಕೆ ತಕ್ಕಂತೆ ಮುಂದೂಡುತ್ತ ಹೋಯಿತು. ಇದನ್ನು ಆಡಳಿತಾತ್ಮಕ ತೊಡಕೆಂದು ಕರೆಯಲು ನಾವು ಸಿದ್ಧರಿಲ್ಲ. ಎರಡು ಪಕ್ಷಗಳ ಸರ್ಕಾರಗಳು ಸೇರಿ ಎಸಗಿದ ಸಂವಿಧಾನೋಲ್ಲಂಘನೆ ಇದು, ಹೊಣೆಯಲ್ಲಿ ಇಬ್ಬರೂ ಸಮಪಾಲುದಾರರು. ಪುನರ್ವಿಂಗಡಣೆಯ ಅಧಿಕಾರವನ್ನು ಚುನಾವಣಾ ಆಯೋಗಕ್ಕೆ ಮರಳಿಸುವುದೂ, ಅವಧಿ ಮುಗಿಯುವ ಮುನ್ನ ಮತದಾನ ನಡೆಯದಂತೆ ಮಾಡುವ ಎಲ್ಲ ದಾರಿಗಳನ್ನು ಶಾಸನದಿಂದಲೇ ಮುಚ್ಚುವುದೂ ಅವರು ಈ ಜನತೆಗೆ ತೀರಿಸಬೇಕಾದ ಋಣ.