ಅಗ್ಗದ ವಿಮಾನ, ದೂರದ ನಿಲ್ದಾಣ

ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹಾರಿಸಿದಾಗ ಊರೆಲ್ಲ ಮಾತಾಡಿದ್ದು ಟಿಕೆಟ್ ದರದ ಬಗ್ಗೆ. ಮುಂದೆ ಕೆಲವು ಸೀಟುಗಳು ಒಂದು ರೂಪಾಯಿಗೂ ಸಿಕ್ಕವು. ಆದರೆ ಆ ಕಂಪನಿಯ ಬಲವಿದ್ದದ್ದು ದರದಲ್ಲಲ್ಲ, ದರ ಇಳಿಸಲು ಅದು ಕಂಡುಕೊಂಡ ದಾರಿಗಳಲ್ಲಿ. ಊಟ, ನೀರು ಬೇಕಾದವರು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಇಂಟರ್‌ನೆಟ್‌ನಲ್ಲಿ ಟಿಕೆಟ್ ಮಾರಿದ್ದರಿಂದ ಏಜೆಂಟರ ಕಮಿಷನ್ ಉಳಿಯಿತು. ನೆಲದ ಮೇಲೆ ನಿಂತ ವಿಮಾನ ದುಡಿಯುವುದಿಲ್ಲ; ಇಳಿದದ್ದು ಬೇಗ ಮತ್ತೆ ಏರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, 48 ಸೀಟಿನ ಎಟಿಆರ್ ವಿಮಾನ. ದೊಡ್ಡ ಜೆಟ್ ಇಳಿಯಲಾಗದ ಹುಬ್ಬಳ್ಳಿಯಂಥ ಊರಿನ ಸಣ್ಣ ರನ್‌ವೇಯಲ್ಲೂ ಅದು ಇಳಿಯುತ್ತಿತ್ತು. ಅಲ್ಲಿ ಅದಕ್ಕೆ ಪೈಪೋಟಿ ಇನ್ನೊಂದು ವಿಮಾನದ್ದಲ್ಲ, ರಾತ್ರಿ ಬಸ್ಸಿನದು.

ಇನ್ನೊಂದು ಅನುಕೂಲವನ್ನು ನಾವು ಲೆಕ್ಕಕ್ಕೇ ಹಿಡಿಯಲಿಲ್ಲ: ಬೆಂಗಳೂರಿನ ಎಚ್‌ಎಎಲ್ ನಿಲ್ದಾಣ. ಹಲಸೂರು, ಇಂದಿರಾನಗರದವರಿಗೆ ಅದು ಆಟೊ ಹತ್ತಿ ತಲುಪುವ ಜಾಗ, ಶಿವಾಜಿನಗರದಿಂದಲೂ ದೂರವಲ್ಲ. ಮುಕ್ಕಾಲು ಗಂಟೆ, ಒಂದು ಗಂಟೆಯ ಹಾರಾಟಕ್ಕೆ ಅರ್ಥವಿದ್ದದ್ದೇ ಹಾಗಾಗಿ.

2008ರ ಮೇ 24ರಂದು ಪ್ರಯಾಣಿಕ ವಿಮಾನಗಳೆಲ್ಲ ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೋದವು. ಅಷ್ಟರಲ್ಲಿ ಏರ್ ಡೆಕ್ಕನ್ ಕೂಡ ಕಿಂಗ್‌ಫಿಷರ್ ಪಾಲಾಗಿತ್ತು. ಹೊಸ ನಿಲ್ದಾಣ ಬೇಕೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯದಕ್ಕೆ ಬೀಗ ಹಾಕಿದ್ದು ತಪ್ಪು. ಇಂದು ಕೆ.ಆರ್.ಪುರದಿಂದ ಹೆಬ್ಬಾಳದ ಟ್ರಾಫಿಕ್ ದಾಟಿ ದೇವನಹಳ್ಳಿ ಸೇರುವಷ್ಟರಲ್ಲಿ ವಿಮಾನ ಹುಬ್ಬಳ್ಳಿ ಮುಟ್ಟಿರುತ್ತದೆ. ಟಿಕೆಟ್ಟಿನಲ್ಲಿ ಉಳಿಸಿದ್ದು ಟ್ಯಾಕ್ಸಿಗೆ ಹೋಗುತ್ತದೆ. 2023ರಿಂದ ಹುಬ್ಬಳ್ಳಿ, ಧಾರವಾಡಕ್ಕೆ ವಂದೇ ಭಾರತ್ ರೈಲು ಇರುವಾಗ ಆ ಕಷ್ಟ ಯಾರಿಗೆ ಬೇಕು?

ದೇವನಹಳ್ಳಿ ನಿಲ್ದಾಣದ ಒಪ್ಪಂದದ ಪ್ರಕಾರ, ಮೈಸೂರು ಮತ್ತು ಹಾಸನ ಬಿಟ್ಟರೆ, 2033ರವರೆಗೆ 150 ಕಿ.ಮೀ. ಒಳಗೆ ಮತ್ತೊಂದು ನಿಲ್ದಾಣ ಬೆಳೆಸುವಂತಿಲ್ಲ. ಎಚ್‌ಎಎಲ್‌ನ ರನ್‌ವೇ ಮಾತ್ರ ಹಾಗೇ ಇದೆ. ಸೇನೆಯ ವಿಮಾನಗಳು, ಗಣ್ಯರ ಮತ್ತು ಬಾಡಿಗೆಯ ಖಾಸಗಿ ವಿಮಾನಗಳು ಅಲ್ಲಿ ಇಳಿಯುತ್ತಲೇ ಇವೆ. ಬಾಡಿಗೆ ವಿಮಾನದವರಿಗೆ ತೆರೆದ ಬಾಗಿಲು ಎಟಿಆರ್‌ನಲ್ಲಿ ಬೀದರಿಗೋ ಕಲಬುರಗಿಗೋ ಹೋಗುವವರಿಗೆ ಯಾಕೆ ಮುಚ್ಚಿರಬೇಕು? ಯುದ್ಧವಿಮಾನಗಳ ಪರೀಕ್ಷೆ ಅಲ್ಲಿ ನಡೆಯುತ್ತದೆ, ಹಳೇ ಏರ್‌ಪೋರ್ಟ್ ರಸ್ತೆ ಈಗಲೇ ಕಟ್ಟಿಕೊಂಡಿದೆ, ಎರಡೂ ನಿಜ. ಅದಕ್ಕೇ ನಾನು ಕೇಳುವುದು ಜೆಟ್‌ಗಳನ್ನಲ್ಲ. 80 ಸೀಟಿನೊಳಗಿನ ವಿಮಾನಗಳು, ರಾಜ್ಯದೊಳಗಿನ ಊರುಗಳಿಗೆ, ಬೆಳಿಗ್ಗೆ ಒಂದಷ್ಟು, ಸಂಜೆ ಒಂದಷ್ಟು. 2033ಕ್ಕೆ ಕಾಯದೆ ದೇವನಹಳ್ಳಿ ನಿಲ್ದಾಣ ನಡೆಸುವವರ ಜೊತೆ ರಾಜ್ಯ ಸರ್ಕಾರ ಈ ಮಾತನ್ನು ಈಗಲೇ ಎತ್ತಬೇಕು.