ನಗುವವರಿಗೊಂದು ಪ್ರಶ್ನೆ

ಕಡೂರಿನಿಂದ ತರೀಕೆರೆಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗರು ಕಂಪ್ಯೂಟರಿನ ಕಥೆಗಳನ್ನು ಹೇಳಿಕೊಂಡು ನಗುತ್ತಿದ್ದರು. ಸಿ.ಡಿ. ತಟ್ಟೆಯ ಮೇಲೆ ಕಾಫಿ ಲೋಟ ಇಟ್ಟವಳು, ಪ್ಲಗ್ಗು ಹಾಕದೆ ‘ಕೆಟ್ಟುಹೋಗಿದೆ’ ಎಂದು ಫೋನು ಮಾಡಿದವಳು. ಪ್ರತಿ ಕಥೆಯಲ್ಲೂ ಪೆದ್ದಿ ಒಬ್ಬ ಹೆಂಗಸೇ, ಅದರಲ್ಲೂ ಟೀಚರು!

ಅಂಥ ಟೀಚರು ನಾನೂ ಹೌದು. ಅಜ್ಜಂಪುರದಲ್ಲಿ ರಾತ್ರಿಯೆಲ್ಲ ಕೂತು ನುಡಿಯಲ್ಲಿ ಟೈಪು ಮಾಡಿದ ಪ್ರಶ್ನೆಪತ್ರಿಕೆಯನ್ನು ತರೀಕೆರೆಯ ಅಂಗಡಿಯೊಂದರಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ‘ಏನ್ ಮೇಡಂ, ಮಂತ್ರ ಬರೆದಿದ್ದೀರಾ?’ ಎಂದು ಅಂಗಡಿಯ ಹುಡುಗ ನಕ್ಕ. ನಾನೂ ಪೆಚ್ಚಾಗಿ ನಕ್ಕೆ. ತಪ್ಪು ನನ್ನದಲ್ಲವೆಂದು ತಿಳಿದದ್ದು ಆಮೇಲೆ. ಹಳೆಯ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿತ್ತು. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿಬೀಳುತ್ತದೆ. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ಜಾಗ ಕೊಟ್ಟಿತ್ತು. ಅದನ್ನು ನಮಗೆ ಹೇಳಿಕೊಟ್ಟವರು ಯಾರು?

ಇನ್ನು ಬಲ್ಲವರ ಕಥೆ ಕೇಳಿ. 1999ರಲ್ಲಿ ನಾಸಾ ಮಂಗಳಗ್ರಹಕ್ಕೆ ಕಳಿಸಿದ್ದ ನೌಕೆಯೊಂದು ಹಾಳಾಯಿತು. ಒಂದು ತಂಡ ಪೌಂಡಿನ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ತಂಡ ನ್ಯೂಟನ್ ಎಂದುಕೊಂಡಿತ್ತು. ಏಕಮಾನ ಬರೆಯದ ಮಕ್ಕಳಿಗೆ ನಾನು ಅರ್ಧ ಅಂಕ ಕಳೆಯುತ್ತೇನೆ! ದೊಡ್ಡವರು ಮಾಡಿದರೆ ತಾಂತ್ರಿಕ ದೋಷ, ನಾವು ಮಾಡಿದರೆ ಪೆದ್ದುತನ. ಇದು ಯಾವ ನ್ಯಾಯ?

ತಪ್ಪು ಓದಿದ ಮಗುವನ್ನು ನೋಡಿ ತರಗತಿ ನಕ್ಕರೆ, ಆ ಮಗು ಮತ್ತೆ ಕೈ ಎತ್ತುವುದಿಲ್ಲ. ನಮ್ಮೂರುಗಳ ಎಷ್ಟು ಹೆಂಗಸರು ಕಂಪ್ಯೂಟರಿನ ಮುಂದಿನಿಂದ ಹೀಗೆ ಎದ್ದುಹೋಗಿದ್ದಾರೋ! ಅಕ್ಕಂದಿರೇ, ಏಳಬೇಡಿ. ನಕ್ಕವನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಹೇಳಿಕೊಡಪ್ಪ’ ಎನ್ನಿ. ಅವನಿಗೆಷ್ಟು ಗೊತ್ತಿದೆ ಎಂಬುದು ಆಗ ತಿಳಿಯುತ್ತದೆ.